ರಜೆಗೆ ಹಾಳೆ ಬೇಡ, ಒಂದು ಪ್ರಶ್ನೆ ಸಾಕು

ವಾರ್ಷಿಕ ಪರೀಕ್ಷೆ ಮುಗಿದು, ಏಪ್ರಿಲ್‌ನಲ್ಲಿ ಫಲಿತಾಂಶ ಹೇಳುವ ದಿನ ಹತ್ತಿರವಾದಾಗ ಅನೇಕ ಶಾಲೆಗಳಲ್ಲಿ ಒಂದು ಹಾಳೆ ತಯಾರಾಗುತ್ತದೆ. ‘ಬೇಸಿಗೆ ರಜೆಯಲ್ಲಿ ಮನೆಯಲ್ಲೇ ಮಾಡಬಹುದಾದ ಸರಳ ಚಟುವಟಿಕೆಗಳು’ ಎಂಬುದು ಅದರ ತಲೆಬರಹ. ಫ್ರಿಜ್ಜಿನ ಟ್ರೇಯಲ್ಲಿ ಬಣ್ಣದ ನೀರು ಹೆಪ್ಪುಗಟ್ಟಿಸಿ. ಟಬ್ಬಿನಲ್ಲಿ ನೀರು ತುಂಬಿ ಕಾಗದದ ದೋಣಿ ಬಿಡಿ. ಹೊಳೆಯುವ ಕಾಗದ ಕತ್ತರಿಸಿ ಹೂವು ಮಾಡಿ. ಅಡುಗೆಯಲ್ಲಿ ತಾಯಿಗೆ ನೆರವಾಗಿ. ಕೊನೆಯ ಸಾಲು ಎಲ್ಲ ಕಡೆಯೂ ಒಂದೇ: ಮಾಡಿದ್ದರ ಫೋಟೊ ತೆಗೆದು ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ.

ಹಾಳೆ ಕೊಡುವವರ ಉದ್ದೇಶ ಒಳ್ಳೆಯದೇ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ, ಹತ್ತಿರ ಹತ್ತಿರ ಐವತ್ತು ದಿನ ಮಗು ಸುಮ್ಮನೆ ಕೂರಬಾರದು, ಮೊಬೈಲಿಗೆ ಅಂಟಿಕೊಳ್ಳಬಾರದು ಎಂಬ ಕಾಳಜಿ ಅದರಲ್ಲಿದೆ. ಆದರೆ ಆ ಹಾಳೆ ಯಾರ ಮನೆಯನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದದ್ದು ಎಂಬ ಪ್ರಶ್ನೆಯನ್ನು ಶಿಕ್ಷಕರಾಗಲು ಹೊರಟ ನಾವು ಕೇಳಲೇಬೇಕು. ನನ್ನ ಅಭಿಪ್ರಾಯ ಇಷ್ಟೇ: ರಜೆಗೆ ಚಟುವಟಿಕೆಗಳ ಪಟ್ಟಿ ಬೇಕಾಗಿಲ್ಲ. ಮಗುವಿನ ಮನೆಯೇ ಉತ್ತರಿಸಬಲ್ಲ ಒಂದು ಒಳ್ಳೆಯ ಪ್ರಶ್ನೆ ಸಾಕು. ಅದನ್ನು ಆಟವಾಗಿ ಆಡಲು ಮಗುವಿಗೆ ಬಿಡಬೇಕು. ಶಾಲೆ ಮತ್ತೆ ತೆರೆದಾಗ ಆ ಉತ್ತರವನ್ನು ಕೂತು ಕೇಳುವ ಹೊಣೆ ಶಿಕ್ಷಕರದಾಗಬೇಕು.

ಯಾರ ಮನೆ?

ಗದಗ-ಬೆಟಗೇರಿಯಲ್ಲಿ ಬೇಸಿಗೆ ಎಂದರೆ ಮೊದಲು ನೆನಪಾಗುವುದು ನಳ. ನಳಕ್ಕೆ ನೀರು ದಿನಾ ಬರುವುದಿಲ್ಲ. ಬಂದ ದಿನ ಹರವಿ, ಕೊಡ, ಡ್ರಮ್ಮು, ಪಾತ್ರೆ ಎಲ್ಲ ತುಂಬಿಡಬೇಕು. ಅಂಥ ಮನೆಯ ಮಗುವಿಗೆ ಟಬ್ಬು ತುಂಬಿ ದೋಣಿ ಬಿಡು ಎಂದರೆ ಅವ್ವನ ಕೈಯಲ್ಲಿ ಏಟು ತಿನ್ನು ಎಂದಂತೆ. ಬೆಟಗೇರಿಯ ನೇಕಾರರ ಮನೆಯಲ್ಲಿ ಮಗ್ಗಕ್ಕೆ ಬಿಟ್ಟು ಉಳಿದ ಜಾಗ ಎಷ್ಟು ಎಂಬುದನ್ನು ನೋಡಿದವರು ಬಲ್ಲರು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸುತ್ತಲಿನ ಹಳ್ಳಿ ಮತ್ತು ತಾಂಡಾಗಳಲ್ಲಿ ಈ ಎರಡು ತಿಂಗಳು ಹೊಲದಲ್ಲಿ ಕೆಲಸ ಕಡಿಮೆ. ಕೆಲವರು ಉದ್ಯೋಗ ಖಾತ್ರಿಯ ಕೆಲಸಕ್ಕೆ ಬೆಳಗಿನ ಜಾವವೇ ಹೊರಡುತ್ತಾರೆ. ಕೆಲವರು ಮಕ್ಕಳನ್ನೂ ಕರೆದುಕೊಂಡು ಗೋವಾ, ಮಂಗಳೂರು, ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಕೆಲವು ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಾರೆ.

ಇನ್ನೊಂದು ಮಾತು. ‘ಅಡುಗೆಯಲ್ಲಿ ತಾಯಿಗೆ ನೆರವಾಗಿ’ ಎಂಬ ಸಾಲು ಹುಡುಗನಿಗೆ ಚಟುವಟಿಕೆ ಇರಬಹುದು. ಹುಡುಗಿಗೆ ಅದು ವರ್ಷವಿಡೀ ಇರುವ ಕೆಲಸ. ರಜೆ ಬಂದರೆ ಆ ಕೆಲಸ ಇನ್ನಷ್ಟು ಹೆಚ್ಚುತ್ತದೆ, ಯಾಕೆಂದರೆ ಅವಳು ಇಡೀ ದಿನ ಮನೆಯಲ್ಲೇ ಸಿಗುತ್ತಾಳೆ. ಶಾಲೆಗೆ ಬರುವಾಗ ಅವಳಿಗೆ ಸಿಗುತ್ತಿದ್ದ ಆರೇಳು ಗಂಟೆಯ ಬಿಡುವು ರಜೆಯಲ್ಲಿ ಇಲ್ಲವಾಗುತ್ತದೆ. ಇದನ್ನು ನೋಡದೆ ಹಾಳೆ ಕೊಟ್ಟರೆ ತರಗತಿಯ ಅರ್ಧದಷ್ಟು ಮಕ್ಕಳಿಗೆ ನಾವು ಏನನ್ನೂ ಕೊಟ್ಟಂತಾಗುವುದಿಲ್ಲ.

ಆದ್ದರಿಂದ ರಜೆಯ ಚಟುವಟಿಕೆಯೊಂದನ್ನು ಸೂಚಿಸುವ ಮೊದಲು ಮೂರು ಪರೀಕ್ಷೆಗೆ ಒಡ್ಡೋಣ. ಒಂದು, ಅಂಗಡಿಯಿಂದ ಏನನ್ನೂ ತರುವಂತಿರಬಾರದು. ಎರಡು, ಒಂದು ಲೋಟಕ್ಕಿಂತ ಹೆಚ್ಚು ನೀರು ಬೇಡುವಂತಿರಬಾರದು. ಮೂರು, ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡ ಹುಡುಗಿಗೂ ನಡುನಡುವೆ ಬಂದು ಮಾಡಲು ಆಗುವಂತಿರಬೇಕು. ಈ ಮೂರರಲ್ಲಿ ಪಾಸಾಗುವ ಕೆಲವನ್ನು ಇಲ್ಲಿ ಹೇಳುತ್ತೇನೆ. ವಿಜ್ಞಾನ ಮತ್ತು ಗಣಿತ ಬೋಧನಾ ವಿಧಾನದ ವಿದ್ಯಾರ್ಥಿಯಾದ ಕಾರಣ ಉದಾಹರಣೆಗಳು ಆ ಕಡೆಗೇ ವಾಲಿವೆ.

ನೆಲದ ಮೇಲಿನ ಬೆಳಕು

ತಗಡಿನ ಸೂರಿನಲ್ಲಿ ಹಳೆಯ ಮೊಳೆ ಕಿತ್ತು ಬಂದ ಜಾಗದಲ್ಲಿ ಸಣ್ಣ ತೂತು ಇರುತ್ತದೆ. ಹೆಂಚಿನ ಮನೆಯಲ್ಲಿ ಸಂದು ಇರುತ್ತದೆ. ಅದರಿಂದ ಇಳಿದ ಬಿಸಿಲು ನೆಲದ ಮೇಲೆ ಬಿಲ್ಲೆಯಂತೆ ಕೂರುತ್ತದೆ. ಪ್ರಶ್ನೆ: ತೂತು ಸೊಟ್ಟಗಿದ್ದರೂ ನೆಲದ ಮೇಲಿನ ಬೆಳಕು ಯಾಕೆ ದುಂಡಗಿದೆ? ತೂತು ಇಲ್ಲದ ಮನೆಯವರು ನೋಟ್‌ಬುಕ್ಕಿನ ರಟ್ಟಿಗೆ ಪೆನ್ಸಿಲ್ ಮೊನೆಯಿಂದ ತೂತು ಮಾಡಿ ಬಿಸಿಲು ಬರುವ ಕಿಟಕಿಗೆ ಇಟ್ಟರೆ ಸಾಕು. ಮೂರು ಮೂಲೆಯ ತೂತು, ಚೌಕದ ತೂತು ಎಂದು ಬದಲಿಸಿ ನೋಡಬಹುದು. ತೂತು ಚಿಕ್ಕದಾಗಿದ್ದು ಬೆಳಕು ದೂರದಲ್ಲಿ ಬಿದ್ದರೆ ಆಕಾರ ಬದಲಾಗುವುದಿಲ್ಲ. ಬೆಳಿಗ್ಗೆ ಮಾತ್ರ ಅದು ಓರೆಯಾಗಿ ಬಿದ್ದು ಮೊಟ್ಟೆಯಂತೆ ಉದ್ದವಾಗುತ್ತದೆ. ಸುಣ್ಣದ ಕಡ್ಡಿಯಿಂದ ಕಾಲು ಗಂಟೆಗೊಮ್ಮೆ ಅದರ ಸುತ್ತ ಗೆರೆ ಎಳೆಯುತ್ತ ಹೋದರೆ ಸಾಯಂಕಾಲದ ಹೊತ್ತಿಗೆ ಸೂರ್ಯ ನಡೆದ ದಾರಿಯೇ ನೆಲದ ಮೇಲೆ ಮೂಡಿರುತ್ತದೆ.

ಆ ಬಿಲ್ಲೆ ಸೂರ್ಯನ ಪ್ರತಿಬಿಂಬ. ಹೈಸ್ಕೂಲಿನ ಮಗು ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ನೆತ್ತಿಯ ಬಿಸಿಲಿನಲ್ಲಿ, 3 ಮೀಟರ್ ಎತ್ತರದ ಸೂರಿನಿಂದ ಬಿದ್ದ ಬಿಲ್ಲೆಯ ಅಗಲ ಸುಮಾರು 2.8 ಸೆಂ.ಮೀ. ಇರುತ್ತದೆ. ಈ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತವೇ ಸೂರ್ಯನ ವ್ಯಾಸಕ್ಕೂ ನಮ್ಮಿಂದ ಅದಕ್ಕಿರುವ ದೂರಕ್ಕೂ ಇದೆ. ದೂರ ಸುಮಾರು 15 ಕೋಟಿ ಕಿ.ಮೀ. ಎಂದು ಪಠ್ಯಪುಸ್ತಕ ಹೇಳುತ್ತದೆ. ಲೆಕ್ಕ ಹಾಕಿದರೆ ವ್ಯಾಸ ಸುಮಾರು 14 ಲಕ್ಷ ಕಿ.ಮೀ. ಬರುತ್ತದೆ. ಒಂದು ಅಳತೆಪಟ್ಟಿ, ಒಂದು ದಾರ, ತಗಡಿನ ಒಂದು ತೂತು ಇಷ್ಟರಲ್ಲೇ ಸೂರ್ಯನನ್ನು ಅಳೆಯಬಹುದು. ತೂತು ಬಿದ್ದ ಸೂರು ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಮಳೆಗಾಲಕ್ಕೆ ಮೊದಲು ಅದನ್ನು ಮುಚ್ಚಲೇಬೇಕು. ಆದರೆ ಅದು ಇರುವವರೆಗೆ ಆ ಮನೆಯ ಮಗು ಯಾರ ಮುಂದೆಯೂ ನಾಚಿಕೊಳ್ಳಬೇಕಾಗಿಲ್ಲ ಎಂದಂತೂ ಹೇಳಬಲ್ಲೆ.

ನೆರಳು ಮಾಯವಾಗುವ ದಿನ

ನಮ್ಮ ಜಿಲ್ಲೆಗೆ ರಜೆಯ ನಡುವೆಯೇ ಒಂದು ವಿಶೇಷ ದಿನ ಬರುತ್ತದೆ. ಗದಗ ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಸೂರ್ಯ ಉತ್ತರಕ್ಕೆ ಸರಿಯುತ್ತ ಮೇ 1ರಿಂದ 3ರ ಸುಮಾರಿಗೆ ನಮ್ಮ ನೆತ್ತಿಯ ಮೇಲೆ ನೇರ ಬರುತ್ತಾನೆ. ಆ ದಿನ ಮಧ್ಯಾಹ್ನ ನೆಟ್ಟಗೆ ನಿಲ್ಲಿಸಿದ ವಸ್ತುವಿಗೆ ನೆರಳೇ ಇರುವುದಿಲ್ಲ. ದಕ್ಷಿಣಕ್ಕಿರುವ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗೆ ಗದುಗಿಗಿಂತ ಸುಮಾರು ಒಂದು ದಿನ ಮೊದಲು ಈ ಘಳಿಗೆ ಬರುತ್ತದೆ. ಶೂನ್ಯ ನೆರಳಿನ ದಿನ ಎಂದು ಇದನ್ನು ಕರೆಯುತ್ತಾರೆ. ಅದಕ್ಕೆ ಮೊದಲು ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ, ನಂತರ ದಕ್ಷಿಣಕ್ಕೆ. ಆಗಸ್ಟ್ 10ರ ಸುಮಾರಿಗೆ ಇದು ಮತ್ತೊಮ್ಮೆ ಆಗುತ್ತದೆ, ಆದರೆ ಆಗ ಮೋಡ ಇರುವುದೇ ಹೆಚ್ಚು. ಮೇ ತಿಂಗಳ ಬಿಸಿಲೇ ಇದಕ್ಕೆ ಸರಿ.

ಬೇಕಾದದ್ದು ಒಂದು ಸ್ಟೀಲ್ ಲೋಟ ಅಥವಾ ನೆಟ್ಟಗಿನ ಡಬ್ಬಿ, ಸಮತಟ್ಟಾದ ಕಟ್ಟೆ. 12 ಗಂಟೆ 15ರಿಂದ 12 ಗಂಟೆ 35ರವರೆಗೆ ನಡುನಡುವೆ ಬಾಗಿಲಿಗೆ ಬಂದು ನೋಡಿದರೆ ಸಾಕು. ಕಾಲಲ್ಲಿ ಚಪ್ಪಲಿ, ತಲೆಯ ಮೇಲೆ ಟವೆಲ್ ಇರಲಿ. ಸೂರ್ಯನನ್ನು ನೇರ ನೋಡಬಾರದು ಎಂದು ಮೊದಲೇ ಹೇಳಿರಬೇಕು.

ಇಲ್ಲಿ ಮಗುವೇ ಕೇಳುವ ಪ್ರಶ್ನೆ ಒಂದಿದೆ: ಸೂರ್ಯ ನೆತ್ತಿಗೆ ಬರುವುದು 12 ಗಂಟೆಗೆ ಅಲ್ಲವೇ, 12 ಗಂಟೆ 24 ನಿಮಿಷದ ಹತ್ತಿರ ಯಾಕೆ? ಗಡಿಯಾರದ ಸಮಯ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು; ಗದಗ ಇರುವುದು ಸುಮಾರು 75.6 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ಸುಮಾರು 27 ನಿಮಿಷ ತಡ. ಮೇ ಆರಂಭದಲ್ಲಿ ಸೂರ್ಯ ಗಡಿಯಾರಕ್ಕಿಂತ 3 ನಿಮಿಷ ಮುಂದಿರುತ್ತಾನೆ, ಅದನ್ನು ಕಳೆದರೆ ಲೆಕ್ಕ ಕೂಡುತ್ತದೆ. ಅಕ್ಷಾಂಶ, ರೇಖಾಂಶ ಪಾಠ ಮಾಡುವಾಗ ನಾವು ಗ್ಲೋಬ್ ತಿರುಗಿಸಿ ಎಷ್ಟು ಹೇಳಿದರೂ ಮನಸ್ಸಿಗೆ ಹತ್ತದ ಸಂಗತಿ ಇದು. ಮನೆಯ ಕಟ್ಟೆಯ ಮೇಲೆ ಒಂದು ಲೋಟ ಅದನ್ನು ಹೇಳುತ್ತದೆ.

ಇದರಲ್ಲಿ ನನಗೆ ಮುಖ್ಯವೆನಿಸಿದ್ದು ಇನ್ನೊಂದು. ದುಡಿಯಲು ಹೋದವರ ಜೊತೆ ಊರು ಬಿಟ್ಟ ಮಗುವನ್ನು ನಾವು ರಜೆಯಲ್ಲಿ ‘ಸಿಗದ ಮಗು’ ಎಂದು ಬಿಟ್ಟುಬಿಡುತ್ತೇವೆ. ಈ ಪ್ರಶ್ನೆಗೆ ಆ ಮಗುವೇ ಬೇಕು. ಬೆಂಗಳೂರು, ಮಂಗಳೂರಿನಲ್ಲಿ ನೆರಳು ಮಾಯವಾಗುವುದು ಏಪ್ರಿಲ್ 24-25ರ ಸುಮಾರಿಗೆ, ನಮಗಿಂತ ಒಂದು ವಾರ ಮೊದಲು. ಆ ದಿನ ಗದುಗಿನಲ್ಲಿ ಒಂದು ಮೀಟರ್ ಕೋಲಿಗೆ ಉತ್ತರದ ಕಡೆ ಸುಮಾರು 4 ಸೆಂ.ಮೀ. ನೆರಳು ಇನ್ನೂ ಇರುತ್ತದೆ. ಗೋವಾದ ಪಣಜಿ ಹೆಚ್ಚು ಕಡಿಮೆ ಗದುಗಿನ ಅಕ್ಷಾಂಶದಲ್ಲೇ ಇದೆ. ಅಲ್ಲಿ ಅದೇ ದಿನ, ಆದರೆ ಏಳು ನಿಮಿಷ ತಡವಾಗಿ. ಇಲ್ಲಿರುವ ಗೆಳೆಯ ಮತ್ತು ಅಲ್ಲಿರುವ ಗೆಳೆಯ ಫೋನಿನಲ್ಲಿ ಮಾತಾಡಿಕೊಂಡರೆ ಭೂಮಿ ದುಂಡಗಿದೆ ಎಂಬುದಕ್ಕೆ ಅವರ ಕೈಯಲ್ಲೇ ಸಾಕ್ಷಿ ಇರುತ್ತದೆ. 2200 ವರ್ಷಗಳ ಹಿಂದೆ ಎರಟೋಸ್ತನೀಸ್ ಎರಡು ಊರಿನ ಮಧ್ಯಾಹ್ನದ ಸೂರ್ಯನನ್ನು ಹೋಲಿಸಿ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ್ದು ಇದೇ ರೀತಿಯಲ್ಲಿ.

ಅರ್ಧ ಲೋಟ ನೀರು, ನಾಲ್ಕು ಹುಣಸೆ ಬೀಜ

ಎರಡು ಸಣ್ಣ ಗಿಂಡಿಗಳಿಗೆ ಸ್ವಲ್ಪ ಸ್ವಲ್ಪ ನೀರು ಹಾಕಿ, ಒಂದಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿ ಆಡುವ ನೆರಳಿನಲ್ಲಿ ಇಡಬೇಕು. ಒಂದು ತಾಸು ಕಳೆದ ಮೇಲೆ ಬೆರಳು ಅದ್ದಿ ನೋಡಬೇಕು. ಯಾವುದು ತಣ್ಣಗಿದೆ, ಹರವಿಯ ನೀರು ಸ್ಟೀಲ್ ಕೊಡದ ನೀರಿಗಿಂತ ಯಾಕೆ ತಂಪು ಎಂಬುದು ಪ್ರಶ್ನೆ. ನಮ್ಮ ಒಣ ಬಿಸಿಲಿನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ, ಯಾಕೆಂದರೆ ನೀರು ಬೇಗ ಆವಿಯಾಗಿ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಇಲ್ಲಿಯೂ ಮಂಗಳೂರಿಗೆ ಹೋದ ಮಗುವಿನ ಉತ್ತರ ಬೇರೆಯಾಗುತ್ತದೆ, ಬೇರೆಯಾದದ್ದರಿಂದಲೇ ತರಗತಿಗೆ ಉಪಯೋಗವಾಗುತ್ತದೆ.

ಮಧ್ಯಾಹ್ನದ ಬಿಸಿಲಿನಲ್ಲಿ ಒಳಗೆ ಕೂತು ಆಡುವ ಆಟ ಚೌಕಾಬಾರ. ಕವಡೆ ಇಲ್ಲದಿದ್ದರೆ ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮೈ ಬೆಳ್ಳಗೆ ಮಾಡಿಕೊಂಡರಾಯಿತು. ನಾಲ್ಕು ಬೀಜ ಎಸೆದರೆ ಬೆಳ್ಳನೆಯ ಮೈ ಎಷ್ಟು ಮೇಲಾಗಿದೆಯೋ ಅಷ್ಟು. ನಾಲ್ಕೂ ಬೆಳ್ಳಗೆ ಬಿದ್ದರೆ ನಾಲ್ಕು, ನಾಲ್ಕೂ ಕಪ್ಪಗೆ ಬಿದ್ದರೆ ಎಂಟು. ಪ್ರಶ್ನೆ: ಎಂಟು ಯಾಕೆ ಅಷ್ಟು ಅಪರೂಪ, ಎರಡು ಯಾಕೆ ಅಷ್ಟು ಸಲ ಬೀಳುತ್ತದೆ? ನೂರು ಸಲ ಎಸೆದು ಗೋಡೆಯ ಮೂಲೆಯಲ್ಲಿ ಇದ್ದಿಲಿನಿಂದ ಗೀಟು ಹಾಕುತ್ತ ಹೋಗಬಹುದು. ನಾಲ್ಕು ಬೀಜ ಬೀಳುವ ರೀತಿ ಒಟ್ಟು 16. ಅದರಲ್ಲಿ ಒಂದು ಬೀಳುವುದು 4 ರೀತಿ, ಎರಡು 6 ರೀತಿ, ಮೂರು 4 ರೀತಿ. ನಾಲ್ಕಕ್ಕೂ ಎಂಟಕ್ಕೂ ಒಂದೊಂದೇ ದಾರಿ. ಮಗುವಿನ ಗೀಟುಗಳು ಈ ಲೆಕ್ಕಕ್ಕೆ ಪೂರ್ತಿ ಹೊಂದುವುದಿಲ್ಲ, ಯಾಕೆಂದರೆ ಉಜ್ಜಿದ ಬೀಜದ ಎರಡು ಮೈ ಸಮ ಇರುವುದಿಲ್ಲ. ಅದೇ ಮುಂದಿನ ಪ್ರಶ್ನೆ. ಸಂಭವನೀಯತೆ ಪಾಠಕ್ಕೆ ನಾಣ್ಯ ಚಿಮ್ಮಿಸಿ ತೋರಿಸುವುದಕ್ಕಿಂತ ಇದು ಹೆಚ್ಚು ಹಿಡಿಸುತ್ತದೆ, ಯಾಕೆಂದರೆ ಇಲ್ಲಿ ಕಾಯಿ ಹೊಡೆಸಿಕೊಳ್ಳುವ ಭಯವಿದೆ.

ಚಿಕ್ಕ ಮಕ್ಕಳಿಗೆ ಅಳಗುಳಿ ಮಣೆ ಇದೆ. ಮಣೆ ಇಲ್ಲದಿದ್ದರೆ ನೆಲದ ಮೇಲೆ ಏಳೇಳರಂತೆ ಎರಡು ಸಾಲು, ಹದಿನಾಲ್ಕು ಸುತ್ತು ಬರೆದುಕೊಂಡರೆ ಆಯಿತು. ಎಣಿಸುವುದು, ಹಂಚುವುದು, ಉಳಿಯುವುದು ಎಲ್ಲವೂ ಅದರಲ್ಲಿದೆ. ಸಂಡಿಗೆ, ಕುರಡಿಗೆ ಹಾಕುವ ಮನೆಯಲ್ಲಿ ಹಸಿ ಸಂಡಿಗೆಯ ಅಗಲವನ್ನು ಕಡ್ಡಿಯಿಂದ ಅಳೆದಿಟ್ಟು ಒಣಗಿದ ಮೇಲೆ ಮತ್ತೆ ಅಳೆದರೆ ಎಷ್ಟು ಕುಗ್ಗಿತು ಎಂದು ಗೊತ್ತಾಗುತ್ತದೆ. ಅಂದಹಾಗೆ, ಸಂಡಿಗೆ ಹಾಕುವ ಕೆಲಸ ಅಣ್ಣನಿಗೆ ಹೋಗಲಿ, ಅಳೆಯುವ ಕೆಲಸ ತಂಗಿಗೆ ಇರಲಿ. ಶಿಕ್ಷಕರು ಪ್ರಶ್ನೆ ಕೊಡುವಾಗಲೇ ಹೀಗೆ ಹಂಚಿಕೊಟ್ಟರೆ ಮನೆಯವರೂ ಬೇಡ ಎನ್ನುವುದಿಲ್ಲ.

ನಳದ ನೀರಿನದೂ ಒಂದು ಪಾಠ. ಗೋಡೆಯ ಕ್ಯಾಲೆಂಡರಿನಲ್ಲಿ ನೀರು ಬಂದ ದಿನಕ್ಕೆ ಒಂದು ಸುತ್ತು ಹಾಕುತ್ತ ಹೋದರೆ ಎಷ್ಟು ದಿನಕ್ಕೊಮ್ಮೆ ಬಂತು, ದಿನಕ್ಕೆ ಎಷ್ಟು ಕೊಡ ಖರ್ಚಾಯಿತು ಎಂಬ ಸರಾಸರಿ ಮಗುವೇ ತೆಗೆಯುತ್ತದೆ. ಭಾಷೆಯ ಶಿಕ್ಷಕರಿಗೆ ಒಡಪುಗಳಿವೆ: ಮನೆಯ ಹಿರಿಯರಿಂದ ಹತ್ತು ಒಡಪು ಕೇಳಿ ಬಾ ಎಂದರೆ ಸಾಕು. ತಾಂಡಾದ ಮಗು ತನ್ನ ಮಾತಿನಲ್ಲೇ ತರಲಿ, ಉರ್ದು ಆಡುವ ಮನೆಯ ಮಗು ಉರ್ದುವಿನಲ್ಲಿ ತರಲಿ. ಅರ್ಥ ಹೇಳುವಾಗ ಕನ್ನಡ ತಾನಾಗಿ ಬರುತ್ತದೆ.

ದಾಖಲೆ ಎಲ್ಲಿ ಎಂಬ ಪ್ರಶ್ನೆ

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಹಗುರವಾಗಿ ನೋಡುವುದಿಲ್ಲ. ಹಾಳೆ ಇಲ್ಲದಿದ್ದರೆ ಮಗು ಮಾಡಿದ್ದಕ್ಕೆ ದಾಖಲೆ ಏನು ಎಂದು ಕೇಳುತ್ತಾರೆ. ಫೋಟೊ ಕೇಳುವುದರಿಂದ ಸಿಗುವ ದಾಖಲೆ ಯಾವುದು? ಯಾವ ಮನೆಯಲ್ಲಿ ಸ್ಮಾರ್ಟ್‌ಫೋನ್ ಹಗಲಿನಲ್ಲೂ ಮನೆಯಲ್ಲೇ ಇರುತ್ತದೆ ಎಂಬುದರ ದಾಖಲೆ ಅದು. ಫೋನು ತಂದೆಯ ಜೊತೆ ಕೆಲಸಕ್ಕೆ ಹೋದ ಮನೆಯ ಮಗು ಗುಂಪಿನಲ್ಲಿ ಕಾಣುವುದೇ ಇಲ್ಲ. ಕಂಡವರ ಚಿತ್ರಗಳಲ್ಲಿಯೂ ಹೂವನ್ನು ಕತ್ತರಿಸಿದವರು ಯಾರು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಎರಡು ತಿಂಗಳು ಓದು ಬರಹ ಬಿಟ್ಟರೆ ಮಕ್ಕಳು ಮರೆಯುತ್ತಾರೆ, ಆಮೇಲೆ ಸೇತುಬಂಧದಲ್ಲಿ ಮೊದಲಿನಿಂದ ಹೇಳಿಕೊಡಬೇಕು ಎನ್ನುತ್ತಾರೆ. ಮಾತು ನಿಜ. ಆದರೆ ಇದಕ್ಕೆ ಕಾಪಿ ಬರೆಸುವ ಹಾಳೆ ಪರಿಹಾರವಲ್ಲ, ಪುಸ್ತಕ ಪರಿಹಾರ. ಶಾಲೆಯ ಗ್ರಂಥಾಲಯದ ಕಪಾಟಿಗೆ ರಜೆಯಲ್ಲಿ ಬೀಗ ಬೀಳುತ್ತದೆ. ಓದಲು ಅತಿ ಹೆಚ್ಚು ಹೊತ್ತು ಇರುವ ದಿನಗಳಲ್ಲೇ ಪುಸ್ತಕ ಒಳಗೆ, ಮಕ್ಕಳು ಹೊರಗೆ. ರಜೆಗೆ ಮೊದಲು ಪ್ರತಿ ಮಗುವಿಗೆ ಎರಡು ಕಥೆ ಪುಸ್ತಕ ಕೊಟ್ಟು ಕಳುಹಿಸಬೇಕು. ಕೆಲವು ಹರಿಯುತ್ತವೆ, ಒಂದೆರಡು ಕಳೆಯುತ್ತವೆ. ಲೆಕ್ಕ ಕೊಡುವ ಭಯ ಶಿಕ್ಷಕರಿಗೆ ಇರುವುದು ಸಹಜ. ಆ ಭಯ ಹೋಗುವಂತೆ ಮುಖ್ಯೋಪಾಧ್ಯಾಯರೂ ಎಸ್‌ಡಿಎಂಸಿಯೂ ಕೂತು ಒಂದು ನಿರ್ಧಾರ ಮಾಡಬೇಕು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳೂ ಇವೆ. ಅಲ್ಲಿಗೆ ಹೋಗುವ ದಾರಿಯನ್ನು ಮಕ್ಕಳಿಗೆ ಶಿಕ್ಷಕರೇ ತೋರಿಸಿ ಕಳುಹಿಸಬಹುದು.

ಮೂರನೆಯದು ಮೊಬೈಲು. ಪಾಲಕರನ್ನು ಬೈಯುವುದು ಸುಲಭ. ಆದರೆ 40 ಡಿಗ್ರಿಯ ಬಿಸಿಲಿನಲ್ಲಿ ಮಗುವನ್ನು ಮನೆಯೊಳಗೆ ಸುರಕ್ಷಿತವಾಗಿ ಕೂರಿಸಿ ಕೆಲಸಕ್ಕೆ ಹೋಗಬೇಕಾದ ತಾಯಿಗೆ ಮೊಬೈಲು ಒಂದು ಅನುಕೂಲ. ಅದನ್ನು ಕಿತ್ತುಕೊಳ್ಳಿ ಎನ್ನುವ ಬದಲು ಅದಕ್ಕಿಂತ ರುಚಿಯಾದದ್ದನ್ನು ನಾವು ಕೊಟ್ಟಿದ್ದೇವೆಯೇ ಎಂದು ನೋಡಬೇಕು.

ನಮ್ಮ ಪಾಠ ಯೋಜನೆಯಲ್ಲಿ ಎರಡು ಅಂಕಣಗಳಿವೆ: ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಚಟುವಟಿಕೆ. ಎರಡನೆಯದರಲ್ಲಿ ಸಾಮಾನ್ಯವಾಗಿ ಕಾಣುವುದು ‘ಗಮನವಿಟ್ಟು ಕೇಳುತ್ತಾರೆ’, ‘ಉತ್ತರಿಸುತ್ತಾರೆ’. 1993ರಲ್ಲಿ ಯಶಪಾಲ್ ಸಮಿತಿ ಹೊರೆಯಿಲ್ಲದ ಕಲಿಕೆಯ ಬಗ್ಗೆ ಬರೆಯಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಜ್ಞಾನವನ್ನು ಹೊರಗಿನ ಬದುಕಿಗೆ ಜೋಡಿಸುವುದನ್ನು ತನ್ನ ಮೊದಲ ಮಾರ್ಗದರ್ಶಿ ತತ್ವವಾಗಿ ಇಟ್ಟುಕೊಂಡಿತು. ಪರೀಕ್ಷೆಗೆ ನಾವು ಇವೆರಡನ್ನೂ ಓದುತ್ತೇವೆ. ಆ ಜೋಡಣೆ ನಿಜವಾಗಿ ಆಗಬಹುದಾದ ಜಾಗ ರಜೆ. ಅಲ್ಲಿ ಗಂಟೆ ಇಲ್ಲ, ಸಿಲೆಬಸ್ ಮುಗಿಸುವ ಅವಸರ ಇಲ್ಲ.

ಅಧ್ಯಾಪಕ ಶಿಕ್ಷಕರಲ್ಲಿ ಮತ್ತು ಸಹಪಾಠಿಗಳಲ್ಲಿ ನನ್ನ ಕೋರಿಕೆ ಎರಡು. ಮೊದಲನೆಯದು, ಬೋಧನಾಭ್ಯಾಸದ ಶಾಲೆಯಲ್ಲಿ ಪ್ರತಿ ಪ್ರಶಿಕ್ಷಣಾರ್ಥಿ ರಜೆಗೆ ಮೊದಲು ಒಂದು ತರಗತಿಗೆ ಒಂದೇ ಒಂದು ಪ್ರಶ್ನೆ ಕೊಟ್ಟು ಬರಲಿ. ಬರೆದುಕೊಡುವ ಬದಲು ಬಾಯಲ್ಲಿ ಹೇಳಿ ಬರಲಿ. ಮಕ್ಕಳು ಅದನ್ನು ಮನೆಯವರಿಗೆ ಹೇಳುವಾಗಲೇ ಅರ್ಧ ಕಲಿತಿರುತ್ತಾರೆ. ಎರಡನೆಯದು, ಶಾಲೆ ತೆರೆದ ಮೊದಲ ವಾರದಲ್ಲಿ ಸೇತುಬಂಧದ ಪರೀಕ್ಷೆಗೆ ಮುನ್ನ ಒಂದು ಅವಧಿಯನ್ನು ಮಕ್ಕಳ ಉತ್ತರ ಕೇಳಲು ಬಿಡಲಿ. ಅಂಕ ಬೇಡ, ಬಹುಮಾನ ಬೇಡ. ಏನೂ ಮಾಡದೆ ಬಂದ ಮಗುವನ್ನು ಯಾಕೆ ಎಂದು ಕೇಳುವುದೂ ಬೇಡ. ಬೇರೆಯವರು ಹೇಳುವುದನ್ನು ಕೇಳಿದರೆ ಅದು ಮರುದಿನ ಮಾಡಿಕೊಂಡು ಬರಬಹುದು. ನೆರಳು ಆಗಸ್ಟ್‌ನಲ್ಲಿ ಮತ್ತೆ ಮಾಯವಾಗುತ್ತದೆ, ಹುಣಸೆ ಬೀಜ ವರ್ಷವಿಡೀ ಸಿಗುತ್ತದೆ. ಆ ಅವಧಿಯಲ್ಲಿ ಮಕ್ಕಳು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡು ಈ ಪತ್ರಿಕೆಯ ಮುಂದಿನ ಸಂಚಿಕೆಗೆ ಕೊಡೋಣ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮಕ್ಕಳ ಉತ್ತರಗಳು ಒಂದು ಕಡೆ ಅಚ್ಚಾದರೆ ಮುಂದಿನ ವರ್ಷದ ಪ್ರಶಿಕ್ಷಣಾರ್ಥಿಗಳು ಪ್ರಶ್ನೆಗಳಿಗಾಗಿ ಬೇರೆಲ್ಲೂ ಹುಡುಕಬೇಕಾಗುವುದಿಲ್ಲ.